ಅರಿಯದೆ ನೋಯಿಸಿದ ಮೇಲೆ ಕ್ಷಮೆ ಕೇಳಲು ಎಷ್ಟು ಹೊತ್ತು ಕಾಯಬಹುದು?

ತುಂಗಾತೀರ, ಶಿವಮೊಗ್ಗ
ಶುಕ್ರವಾರ ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಇಂದು ಮಧ್ಯಾಹ್ನ ನಮ್ಮ ಮನೆಯ ವರಮಹಾಲಕ್ಷ್ಮಿ ಪೂಜೆಯ ಹೊತ್ತಿನಲ್ಲಿ ನಾನು ಒಬ್ಬರ ಮನಸ್ಸನ್ನು ನೋಯಿಸಿದ್ದೇನೆ. ಬೇಕೆಂದು ಮಾಡಿದ್ದಲ್ಲ. ಆದರೂ ಊಟ ಗಂಟಲಲ್ಲಿ ಇಳಿಯಲಿಲ್ಲ, ಈಗ ನಿದ್ದೆಯೂ ಹತ್ತುತ್ತಿಲ್ಲ. ಪ್ರೌಢಶಾಲೆಯಲ್ಲಿ 31 ವರ್ಷ ಕನ್ನಡ ಪಾಠ ಹೇಳಿ ನಿವೃತ್ತಳಾದವಳು ನಾನು. ತಪ್ಪಾದರೆ ಕೂಡಲೇ ಒಪ್ಪಿಕೊಳ್ಳಬೇಕೆಂದು ಮಕ್ಕಳಿಗೆ ಹೇಳುತ್ತಲೇ ಬಂದೆ. ನನ್ನ ಸರದಿ ಬಂದಾಗ ಬಾಯಿಯೇ ಬರಲಿಲ್ಲ.

ನನ್ನ ಓರಗಿತ್ತಿ ದಾವಣಗೆರೆಯಲ್ಲಿದ್ದಾಳೆ. ನನ್ನ ಮೈದುನ ತೀರಿಕೊಂಡು ಎರಡು ವರ್ಷವಾಯಿತು. ಅಲ್ಲಿಂದ ಈಚೆಗೆ ಅವಳು ಯಾವ ಹಬ್ಬಕ್ಕೂ ನಮ್ಮ ಮನೆಗೆ ಬಂದಿರಲಿಲ್ಲ. ಈ ವರ್ಷ ನಾನೇ ಎರಡೆರಡು ಬಾರಿ ಫೋನ್ ಮಾಡಿ, ಬಾರದಿದ್ದರೆ ನನ್ನಾಣೆ ಎಂದು ಹೇಳಿ ಕರೆಸಿಕೊಂಡೆ. ಪೂಜೆ ಮುಗಿದ ಮೇಲೆ ನಡುಮನೆಯಲ್ಲಿ ಜಮಖಾನ ಹಾಸಿ ಒಂಬತ್ತು ಮಂದಿ ಸಾಲಾಗಿ ಕುಳಿತಿದ್ದರು. ನಾನು ಅರಿಶಿನ ಕುಂಕುಮದ ಬಟ್ಟಲು ಹಿಡಿದು ಒಂದು ತುದಿಯಿಂದ ಕೊಡುತ್ತಾ ಬಂದೆ. ಹಿಂದೆಯೇ ನನ್ನ ಮಗಳು ತಾಂಬೂಲದ ತಟ್ಟೆ ಹಿಡಿದು ಬರುತ್ತಿದ್ದಳು. ಓರಗಿತ್ತಿ ಸಾಲಿನಲ್ಲಿ ಐದನೆಯವಳು. ಅವಳ ಮುಂದೆ ಬಂದಾಗ ನನ್ನ ಕೈ ಒಂದು ಕ್ಷಣ ನಿಂತಿತು, ಆಮೇಲೆ ಆರನೆಯವರ ಕಡೆಗೆ ಹೋಯಿತು. ಕೊಟ್ಟರೆ ಅವಳಿಗೆ ಸಂಕಟವಾದೀತೇನೋ ಎಂದು ಆ ಕ್ಷಣದಲ್ಲಿ ಅನ್ನಿಸಿತೋ, ಚಿಕ್ಕಂದಿನಿಂದ ನೋಡಿ ನೋಡಿ ಕೈಗೆ ಬಂದ ರೂಢಿಯೋ, ನನಗೇ ತಿಳಿಯದು. ಅಷ್ಟರಲ್ಲಿ ಅವಳು ಬಲಗೈಯನ್ನು ಅರ್ಧ ಚಾಚಿಬಿಟ್ಟಿದ್ದಳು. ಆ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಜಮಖಾನದ ಮಡಿಕೆ ಸರಿಪಡಿಸತೊಡಗಿದಳು. ಅಲ್ಲಿ ಮಡಿಕೆಯೇ ಇರಲಿಲ್ಲ.

ಇದಾದ ಅರ್ಧ ಗಂಟೆಗೆ ಊಟಕ್ಕೆ ಎಲೆ ಹಾಕಿದೆವು. ಕೋಸಂಬರಿ ಬಡಿಸುತ್ತಾ ಹೋಗುವಾಗ ನನ್ನ ಕಾಲು ಅವಳ ಮಂಡಿಗೆ ತಾಗಿತು. ತಕ್ಷಣ ಬಗ್ಗಿ, ಅವಳ ಮಂಡಿ ಮುಟ್ಟಿ ಕಣ್ಣಿಗೊತ್ತಿಕೊಂಡು, "ಅಯ್ಯೋ, ಕಾಲು ತಾಗಿತು ಕಣೇ" ಎಂದೆ. "ಪರವಾಗಿಲ್ಲ ಅಕ್ಕ" ಎಂದಳು. ನಾಲ್ಕು ಗಂಟೆಯ ಬಸ್ಸಿಗೆ ಹೊರಟುಹೋದಳು. ಕಾಲು ತಾಗಿದ್ದಕ್ಕೆ ಯೋಚನೆಯಿಲ್ಲದೆ ಬಗ್ಗಿದ ಬೆನ್ನು, ಆ ಇನ್ನೊಂದು ನೋವಿಗೆ ಯಾಕೆ ಬಗ್ಗಲಿಲ್ಲ ಎಂದು ಸಂಜೆಯಿಂದ ಕೇಳಿಕೊಳ್ಳುತ್ತಿದ್ದೇನೆ.

ಎತ್ತಿ ಆಡಿದರೆ ಇನ್ನೂ ದೊಡ್ಡದಾಗುತ್ತದೆ, ಸುಮ್ಮನಿರು ಎನ್ನುತ್ತಾರೆ ನಮ್ಮ ಮನೆಯವರು. ಈಗಲೇ ಫೋನ್ ಮಾಡಲೇ? ನಾಳೆ ಹೋಗಿ ಬರಲೇ? ಅಥವಾ ಮೂರು ವಾರದಲ್ಲಿ ಗೌರಿ ಹಬ್ಬ ಬರುತ್ತದಲ್ಲ, ಆಗ ಕರೆಸಿ ಮೊದಲು ಅವಳಿಗೇ ಕುಂಕುಮ ಕೊಟ್ಟು ಸರಿಪಡಿಸಿಕೊಳ್ಳಲೇ?


ಹಳೆಬೇರು, ಮೈಸೂರು
ಶುಕ್ರವಾರ ರಾತ್ರಿ 10.05

ಅಮ್ಮಾ, ನಿಮ್ಮ ಯಜಮಾನರ ಮಾತನ್ನು ಅಷ್ಟು ಸುಲಭವಾಗಿ ತಳ್ಳಿಹಾಕಬೇಡಿ. ನನಗೆ ಈಗ 70 ದಾಟಿದೆ. ಮನೆಯ ದೊಡ್ಡವರು ಚಿಕ್ಕವರಿಗೆ ಕೈಮುಗಿದರೆ ಚಿಕ್ಕವರ ಆಯುಸ್ಸು ಕಡಿಮೆಯಾಗುತ್ತದೆ ಎಂದು ನಂಬಿದ ಕಾಲದವನು ನಾನು. ಆ ನಂಬಿಕೆಯನ್ನು ಈಗ ಸಮರ್ಥಿಸುತ್ತಿಲ್ಲ. ನನ್ನ ಚಿಂತೆ ಬೇರೆ. ಆ ಹೆಣ್ಣುಮಗಳು ಅದನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಂಡಿರದಿದ್ದರೆ, ನೀವು ಹೋಗಿ ಹೇಳಿದ ಮೇಲೆ ಹಚ್ಚಿಕೊಳ್ಳುತ್ತಾಳೆ. ಮಾಯುತ್ತಿರುವ ಗಾಯವನ್ನು ಕೆದಕಿ, ನೋವಿದೆಯೇ ಎಂದು ಕೇಳಿದಂತಾಗುತ್ತದೆ. ಗೌರಿ ಹಬ್ಬಕ್ಕೆ ಕರೆಯಿರಿ, ಪ್ರೀತಿಯಿಂದ ನಡೆಸಿಕೊಳ್ಳಿ. ಮಾತಿಗಿಂತ ನಡತೆ ದೊಡ್ಡದು.


ಸಂಜೆಮಲ್ಲಿಗೆ, ಹಾಸನ
ಶುಕ್ರವಾರ ರಾತ್ರಿ 10.40

ನಾನು ನಿಮ್ಮ ಓರಗಿತ್ತಿಯ ಸಾಲಿನಲ್ಲಿ ಕುಳಿತವಳು. ಯಜಮಾನರು ಹೋಗಿ ಏಳು ವರ್ಷವಾಯಿತು. ಹಾಗಾಗಿ ನನ್ನ ಮಾತು ಸ್ವಲ್ಪ ನೇರವಾಗಿದ್ದರೆ ಮನ್ನಿಸಬೇಕು.

ಹಳೆಬೇರು ಅವರೇ, ಅವಳು ಗಮನಿಸಿರಲಿಕ್ಕಿಲ್ಲ ಎಂದು ನಂಬಿಕೊಳ್ಳುವುದು ನೋಯಿಸಿದವರಿಗೆ ಸಮಾಧಾನ ಕೊಡುತ್ತದೆ, ನೊಂದವರಿಗಲ್ಲ. ಅವಳು ಗಮನಿಸಿದ್ದಾಳೆ. ಕುಂಕುಮದ ಬಟ್ಟಲು ಎರಡನೆಯವರ ಹತ್ತಿರ ಇರುವಾಗಲೇ ಐದನೆಯವಳ ಎದೆ ಹೊಡೆದುಕೊಳ್ಳಲು ಆರಂಭವಾಗಿರುತ್ತದೆ. ಕೈ ಚಾಚಲೋ ಬೇಡವೋ, ಚಾಚಿದರೆ ಏನೆಂದುಕೊಳ್ಳುತ್ತಾರೋ, ಚಾಚದಿದ್ದರೆ ನಾನೇ ಬೇಡವೆಂದಂತೆ ಆಗುತ್ತದೋ, ಇಷ್ಟನ್ನೂ ಅವಳು ಆ ಒಂದು ನಿಮಿಷದಲ್ಲಿ ಯೋಚಿಸಿ, ಅಕ್ಕ ಕರೆಸಿಕೊಂಡಿದ್ದಾರಲ್ಲ ಎಂಬ ಧೈರ್ಯದ ಮೇಲೆ ಕೈ ಚಾಚಿದ್ದಾಳೆ. ಈ ರಾತ್ರಿ ನಿಮಗೆ ನಿದ್ದೆ ಬಂದಿಲ್ಲ ಎಂದಿರಿ. ಅವಳಿಗೂ ಬಂದಿರಲಿಕ್ಕಿಲ್ಲ. ಒಂದು ವ್ಯತ್ಯಾಸವಿದೆ. ನಡೆದದ್ದು ಅರಿಯದೆ ಆದದ್ದೆಂಬುದು ನಿಮಗೆ ಗೊತ್ತಿದೆ, ಅವಳಿಗೆ ಗೊತ್ತಿಲ್ಲ. ಅದನ್ನು ತಿಳಿಯದೆ ಅವಳು ಎಷ್ಟು ರಾತ್ರಿ ಕಳೆಯಬೇಕು ಎಂಬುದು ನಿಮ್ಮ ಕೈಯಲ್ಲಿದೆ.

ಹೋಗುವುದಾದರೆ ಎರಡು ಮಾತು. ಅವಳ ಮುಂದೆ ಕುಳಿತು ಅಳಬೇಡಿ. ನನಗೆ ಹೀಗೆ ಆಗಿದೆ. ಹತ್ತಿರದ ನೆಂಟರೊಬ್ಬರು ಕ್ಷಮೆ ಕೇಳಲೆಂದು ಬಂದು, ನಾನು ಎಂಥ ಪಾಪಿ ಎಂದು ಅಳತೊಡಗಿದರು. ಅವರಿಗೆ ನೀರು ಕೊಟ್ಟು, ಬೆನ್ನು ಸವರಿ, ನೀವು ಒಳ್ಳೆಯವರು ಎಂದು ಹೇಳಿ ಕಳುಹಿಸುವ ಹೊತ್ತಿಗೆ ನನ್ನ ನೋವನ್ನು ಎಲ್ಲಿಟ್ಟೆನೆಂದು ನನಗೇ ಮರೆತುಹೋಗಿತ್ತು. ಸಂಜೆ ದೀಪ ಹಚ್ಚುವಾಗ ಅದು ಮತ್ತೆ ಸಿಕ್ಕಿತು. ಎರಡನೆಯ ಮಾತು, ಕುಂಕುಮದ ಭರಣಿ ತೆಗೆದುಕೊಂಡು ಹೋಗಬೇಡಿ. ನಿನ್ನ ಹಣೆಗೆ ಇಡುತ್ತೇನೆ ಬಾ ಎಂದು ನೀವು ನಿಂತರೆ, ಬೇಡವೆನ್ನುವ ದಾರಿ ಅವಳಿಗೆ ಉಳಿಯುವುದಿಲ್ಲ. ಅವಳಿಗೆ ಬೇಕಿರಬಹುದು, ಬೇಡದೆಯೂ ಇರಬಹುದು. ಅದನ್ನು ಅವಳು ಹೇಳಲಿ.


ಬನ್ನಿಮರ, ಧಾರವಾಡ
ಶುಕ್ರವಾರ ರಾತ್ರಿ 11.20

ಹಬ್ಬದವರೆಗೆ ಕಾಯೋಣವೇ ಎಂಬ ಪ್ರಶ್ನೆಗೆ ನಾನು ಉತ್ತರ ಹೇಳಬಲ್ಲೆ, ಏಕೆಂದರೆ ಕಾದು ಕಳೆದುಕೊಂಡವನು ನಾನು.

ನಮ್ಮ ಕಡೆ ವಿಜಯದಶಮಿಯ ಸಂಜೆ ಬನ್ನಿ ಕೊಡುವ ಪದ್ಧತಿ ಇದೆ. ಕಿರಿಯರು ಹಿರಿಯರ ಕೈಗೆ ಬನ್ನಿ ಎಲೆ ಇಟ್ಟು ನಮಸ್ಕರಿಸುತ್ತಾರೆ, ಓರಗೆಯವರು ಅಪ್ಪಿಕೊಳ್ಳುತ್ತಾರೆ, "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎನ್ನುತ್ತಾರೆ. ವರ್ಷದೊಳಗೆ ಆದ ಮನಸ್ತಾಪಗಳನ್ನು ಆ ಎಲೆಯೊಂದಿಗೆ ಬಿಟ್ಟುಬಿಡಬೇಕೆಂಬುದು ಅದರ ಆಶಯ. ಸಂಕ್ರಮಣದ ಎಳ್ಳು ಬೆಲ್ಲಕ್ಕೂ ಅದೇ ಅರ್ಥ. ಬಹಳ ಒಳ್ಳೆಯ ಪದ್ಧತಿ. ಆದರೆ ಅದರ ಆಸರೆಯಲ್ಲಿ ನಾವು ಸೋಮಾರಿಗಳಾಗುತ್ತೇವೆ ಎಂದು ನನಗೆ ತಡವಾಗಿ ತಿಳಿಯಿತು.

ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಮಾಸ್ತರರು ಒಂದು ವರ್ಷ ಜೂನ್ ತಿಂಗಳಿಡೀ ಶಾಲೆಗೆ ತಡವಾಗಿ ಬರುತ್ತಿದ್ದರು. ಒಂದು ದಿನ ಶಿಕ್ಷಕರ ಕೊಠಡಿಯಲ್ಲಿ ಎಲ್ಲರೂ ಇರುವಾಗ, "ನಿನ್ನ ಗಡಿಯಾರಕ್ಕ ಚಾವಿ ಕೊಡೋರು ಯಾರೂ ಇಲ್ಲೇನೋ" ಎಂದು ನಾನು ಚೇಷ್ಟೆ ಮಾಡಿದೆ. ಎಲ್ಲರೂ ನಕ್ಕರು, ಅವರೂ ನಕ್ಕಂತೆ ಮಾಡಿದರು. ಹಾಸಿಗೆ ಹಿಡಿದ ತಾಯಿಯ ಹತ್ತಿರ ಅವರು ರಾತ್ರಿಯೆಲ್ಲ ಕುಳಿತು, ಬೆಳಿಗ್ಗೆ ನೋಡಿಕೊಳ್ಳುವವರು ಬಂದ ಮೇಲೆ ಹೊರಡುತ್ತಾರೆ ಎಂಬುದು ಅದೇ ಸಂಜೆ ನನಗೆ ಗೊತ್ತಾಯಿತು. ಮರುದಿನ ಹೇಳಬೇಕೆಂದುಕೊಂಡೆ. ಮರುದಿನ ಅವರ ಮುಖ ನೋಡಿ ನಾಚಿಕೆಯಾಯಿತು. ದಸರೆಗೆ ಬನ್ನಿ ಕೊಟ್ಟು ಅಪ್ಪಿಕೊಂಡರಾಯಿತು ಎಂದು ಮನಸ್ಸಿಗೆ ಹೇಳಿಕೊಂಡೆ. ಆಗಸ್ಟಿನಲ್ಲಿ ಅವರಿಗೆ ಬೇರೆ ಜಿಲ್ಲೆಗೆ ವರ್ಗವಾಯಿತು. ದಸರೆಯ ದಿನ ಬಸ್ಸು ಹಿಡಿದು ಬನ್ನಿ ತೆಗೆದುಕೊಂಡು ಅವರ ಮನೆಗೆ ಹೋದೆ. ತಾಯಿ ಅಷ್ಟರಲ್ಲಿ ತೀರಿಕೊಂಡಿದ್ದರು. ಅವರು ಬಾಗಿಲು ತೆರೆದು, "ಬರ್ರಿ ಸರ್, ಕೂಡ್ರಿ" ಎಂದರು. ಹದಿನಾಲ್ಕು ವರ್ಷ "ಏನಪಾ, ಬಾ" ಎಂದು ಕರೆದ ಬಾಯಿ ಅದು. ಬನ್ನಿ ತೆಗೆದುಕೊಂಡರು, ಚಹಾ ಕೊಟ್ಟರು, ಬಸ್ ನಿಲ್ದಾಣದವರೆಗೆ ಬಂದು ಬಿಟ್ಟರು. ನಾನು ಹೇಳಬೇಕಾದ್ದನ್ನೆಲ್ಲ ಹೇಳಿದೆ, ಅವರು "ಅದೆಲ್ಲ ನೆನಪಿಲ್ಲ ಬಿಡ್ರಿ" ಎಂದರು. ಆ "ಬಿಡ್ರಿ" ಇವತ್ತಿಗೂ "ಬಿಡಪಾ" ಆಗಿಲ್ಲ.

ನೀವು ನಾಳೆಯೇ ಹೋಗಿರಿ.


ಕಪ್ಪುಕೋಟು, ಹುಬ್ಬಳ್ಳಿ
ಶನಿವಾರ ಬೆಳಿಗ್ಗೆ 6.15

ಮನೆಯ ವಿಷಯಕ್ಕೆ ಕಾನೂನಿನ ಮಾತು ತರುವುದು ಸಲ್ಲದಾದರೂ ಒಂದು ಹೋಲಿಕೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ. 1971ರ ನ್ಯಾಯಾಂಗ ನಿಂದನೆ ಕಾಯಿದೆಯ 12ನೇ ಪ್ರಕರಣದ ಪ್ರಕಾರ, ಆರೋಪಿಯು ನ್ಯಾಯಾಲಯಕ್ಕೆ ತೃಪ್ತಿಯಾಗುವಂತೆ ಕ್ಷಮೆ ಕೇಳಿದರೆ ಶಿಕ್ಷೆಯನ್ನು ಮನ್ನಾ ಮಾಡಬಹುದು. ಷರತ್ತಿನ ಮಾತು ಸೇರಿದೆ ಎಂಬ ಒಂದೇ ಕಾರಣಕ್ಕೆ, ಪ್ರಾಮಾಣಿಕವಾಗಿ ಕೇಳಿದ ಕ್ಷಮೆಯನ್ನು ತಿರಸ್ಕರಿಸಬಾರದು ಎಂದೂ ಅಲ್ಲಿ ವಿವರಣೆ ಇದೆ. ಹಾಗಿದ್ದರೂ, ಮೊದಲ ಅವಕಾಶದಲ್ಲಿಯೇ ಕೇಳದೆ, ಶಿಕ್ಷೆ ಖಚಿತವೆಂದು ಕಂಡ ಮೇಲೆ ಕೊನೆಗಳಿಗೆಯಲ್ಲಿ ಕೇಳಿದ ಕ್ಷಮೆಯನ್ನು ಪಶ್ಚಾತ್ತಾಪವೆಂದು ಒಪ್ಪಲು ನಮ್ಮ ಉಚ್ಚ ಮತ್ತು ಸರ್ವೋಚ್ಚ ನ್ಯಾಯಾಲಯಗಳು ಹಲವು ಬಾರಿ ನಿರಾಕರಿಸಿವೆ. ತಡವಾದ ಕ್ಷಮೆಯ ಹಿಂದೆ ಭಯವಿದೆಯೋ ಪಶ್ಚಾತ್ತಾಪವಿದೆಯೋ ಎಂದು ಹೊರಗಿನವರು ಹೇಗೆ ತಿಳಿಯಬೇಕು? ಬೇಗ ಕೇಳಿದವರಿಗೆ ಆ ಅನುಮಾನದ ಹೊರೆ ಇರುವುದಿಲ್ಲ. ಗೌರಿ ಹಬ್ಬದ ದಿನ ಸಾಲಿನಲ್ಲಿ ಮೊದಲು ಅವರಿಗೇ ಕುಂಕುಮ ಕೊಟ್ಟರೆ, ಊರವರು ಆಡಿಕೊಂಡರೆಂದು ಹೀಗೆ ಮಾಡಿದರೋ ಏನೋ ಎಂದು ಅವರಿಗೆ ಅನ್ನಿಸಲು ಎಡೆಯಿದೆ.


ಬಸದಿಬೀದಿ, ಮೂಡುಬಿದಿರೆ
ಶನಿವಾರ ಬೆಳಿಗ್ಗೆ 6.50

ತುಂಗಾತೀರ ಅವರು ಕೇಳಿರುವುದು ಕಾಲದ ಪ್ರಶ್ನೆಯಾದ್ದರಿಂದ ನಮ್ಮ ಜೈನ ಸಂಪ್ರದಾಯದಲ್ಲಿರುವ ಒಂದು ಕಾಲಗಣನೆಯನ್ನು ಇಲ್ಲಿ ಹೇಳಬಯಸುತ್ತೇನೆ.

ಗಣೇಶ ಚತುರ್ಥಿಯ ಮರುದಿನ, ಭಾದ್ರಪದ ಶುದ್ಧ ಪಂಚಮಿಯಿಂದ ಅನಂತ ಚತುರ್ದಶಿಯವರೆಗೆ ನಮ್ಮಲ್ಲಿ ದಶಲಕ್ಷಣ ಪರ್ವ. ಹತ್ತು ಧರ್ಮಗಳಲ್ಲಿ ಮೊದಲನೆಯದೇ ಉತ್ತಮ ಕ್ಷಮೆ. ಪರ್ವ ಮುಗಿದ ಮೇಲೆ ಕ್ಷಮಾವಣಿಯಂದು ಒಬ್ಬರನ್ನೊಬ್ಬರು ಕಂಡು, ತಿಳಿದೋ ತಿಳಿಯದೆಯೋ ನೋಯಿಸಿದ್ದರೆ ಕ್ಷಮಿಸಬೇಕೆಂದು ಕೇಳಿಕೊಳ್ಳುತ್ತೇವೆ. ಜೈನರ ಇನ್ನೊಂದು ಪಂಥವಾದ ಶ್ವೇತಾಂಬರರು ತಮ್ಮ ಪರ್ವದ ಕೊನೆಯ ದಿನವಾದ ಸಂವತ್ಸರಿಯಂದು "ಮಿಚ್ಛಾಮಿ ದುಕ್ಕಡಂ", ಎಂದರೆ ನಾನು ಮಾಡಿದ ಕೆಡುಕು ಇಲ್ಲವಾಗಲಿ, ಎನ್ನುವುದು ಇದೇ ಕಾರಣಕ್ಕೆ. ಆದರೆ ವರ್ಷಕ್ಕೊಮ್ಮೆ ಕೇಳಿದರೆ ಸಾಕೆಂದು ಯಾರೂ ಹೇಳಿಲ್ಲ. ಆದ ತಪ್ಪುಗಳನ್ನು ನೆನೆದು ಪಶ್ಚಾತ್ತಾಪಪಡುವ, ದಿನದಿನವೂ ಮಾಡುವ ಪ್ರತಿಕ್ರಮಣ ಇದೆ, ಅದರಲ್ಲಿ ನಡೆಯುವಾಗ ಕಾಲಿಗೆ ಸಿಕ್ಕ ಸಣ್ಣ ಜೀವಿಗಳನ್ನೂ ನೆನೆಯುತ್ತಾರೆ. ನನಗೆ ಗೊತ್ತಿರಲಿಲ್ಲ ಎಂಬುದು ಅಲ್ಲಿ ವಿನಾಯಿತಿಯಲ್ಲ.

ಗೊಮ್ಮಟಸಾರವೆಂಬ ನಮ್ಮ ಗ್ರಂಥದಲ್ಲಿ ಕೋಪವನ್ನು ನಾಲ್ಕು ಗೆರೆಗಳಿಗೆ ಹೋಲಿಸಿದ್ದಾರೆ. ಅದನ್ನು ರಚಿಸಿದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು 10ನೇ ಶತಮಾನದಲ್ಲಿದ್ದವರು, ಶ್ರವಣಬೆಳಗೊಳದ ಬಾಹುಬಲಿ ಮೂರ್ತಿಯನ್ನು ಮಾಡಿಸಿದ ಚಾವುಂಡರಾಯನಿಗೆ ಗುರುಗಳು. ಕಲ್ಲಿನ ಮೇಲಿನ ಗೆರೆ, ನೆಲದ ಮೇಲಿನ ಗೆರೆ, ಧೂಳಿನ ಮೇಲಿನ ಗೆರೆ, ನೀರಿನ ಮೇಲಿನ ಗೆರೆ. ನೀರಿನ ಗೆರೆಯಂಥ ಕೋಪದ ಸಂಸ್ಕಾರ ಅಂತರ್ಮುಹೂರ್ತದೊಳಗೆ, ಎಂದರೆ ನಮ್ಮ ಗಡಿಯಾರದ ಲೆಕ್ಕದಲ್ಲಿ 48 ನಿಮಿಷದೊಳಗೆ, ಅಳಿಸಿಹೋಗುತ್ತದೆ. ಧೂಳಿನದು ಒಂದು ಪಕ್ಷ, ನೆಲದ್ದು ಆರು ತಿಂಗಳು ಉಳಿಯುತ್ತದೆ, ಕಲ್ಲಿನದು ಜನ್ಮಜನ್ಮಕ್ಕೂ ಹೋಗುತ್ತದೆ. ಇದು ಕೋಪಗೊಂಡವನು ತನ್ನನ್ನು ತಾನು ಅಳೆದುಕೊಳ್ಳಲು ಹೇಳಿದ ಮಾತು. ಅದನ್ನು ನೋಯಿಸಿದವರ ಕಡೆಯಿಂದ ಓದಬಹುದೆಂದು ನನಗೆ ಅನ್ನಿಸುತ್ತದೆ. ಎದುರಿನವರ ಮನಸ್ಸಿನಲ್ಲಿ ನಾನು ಎಳೆದ ಗೆರೆ ನೀರಿನ ಮೇಲಿರುವಾಗಲೇ ಹೋದರೆ ಒಂದು ಮಾತು ಸಾಕು. ಹದಿನೈದು ದಿನ ಬಿಟ್ಟು ಹೋದರೆ ಕೈಯಿಂದ ಸವರಬೇಕು. ಬನ್ನಿಮರ ಅವರು ನಾಲ್ಕು ತಿಂಗಳ ಮೇಲೆ ಹೋದಾಗ ಅದು ಗಟ್ಟಿ ನೆಲವಾಗಿತ್ತು.


ಮೇಪಲ್ ನೆರಳು, ಟೊರಾಂಟೊ
ಶನಿವಾರ ಬೆಳಿಗ್ಗೆ 7.10

ನಾನು ಇಲ್ಲಿ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ದಾದಿಯಾಗಿದ್ದೇನೆ. ಕ್ಷಮೆ ಕೇಳಿದರೆ ತಪ್ಪು ಒಪ್ಪಿಕೊಂಡಂತಾಗಿ ಕೋರ್ಟಿನಲ್ಲಿ ತಮ್ಮ ಮೇಲೆಯೇ ತಿರುಗುತ್ತದೆ ಎಂಬ ಭಯ ಎಷ್ಟೋ ಕಡೆ ಆಸ್ಪತ್ರೆಯವರ ಬಾಯಿ ಕಟ್ಟಿಹಾಕಿರುತ್ತದೆ. ಒಂಟಾರಿಯೊ ಪ್ರಾಂತ್ಯ 2009ರಲ್ಲಿ ಇದಕ್ಕೆಂದೇ ಕಾಯಿದೆ ಮಾಡಿತು, ಅದಕ್ಕೂ ಮೊದಲು 2006ರಲ್ಲಿ ಬ್ರಿಟಿಷ್ ಕೊಲಂಬಿಯಾ ಮಾಡಿತ್ತು. ಅದರಂತೆ ಸಿವಿಲ್ ವ್ಯಾಜ್ಯದಲ್ಲಿ ಕ್ಷಮೆಯ ಮಾತನ್ನು ತಪ್ಪೊಪ್ಪಿಗೆಯೆಂದು ಹಿಡಿಯುವಂತಿಲ್ಲ. ಮನೆಯೊಳಗೆ ಅಂಥ ಕಾಯಿದೆ ಯಾವುದೂ ಇಲ್ಲ, ಅಲ್ಲಿ ಭಯಪಟ್ಟುಕೊಂಡೇ ಬಾಯಿ ತೆರೆಯಬೇಕು.

ನನ್ನ ಕೆಲಸದಲ್ಲಿ ಕಲಿತದ್ದು ಒಂದು. ವಿವರಣೆ ಮೊದಲು ಬಂದರೆ ಕ್ಷಮೆ ಕಿವಿಗೆ ಬೀಳುವುದಿಲ್ಲ. "ಅವತ್ತು ಮನೆ ತುಂಬ ಜನ, ನನಗೆ ತಲೆಯೇ ಓಡಲಿಲ್ಲ" ಎಂದು ಆರಂಭಿಸಿದರೆ ಕೇಳುವವರು ಅಲ್ಲಿಗೇ ಬಾಗಿಲು ಹಾಕಿಕೊಳ್ಳುತ್ತಾರೆ. ಮೊದಲು ತಪ್ಪಿನ ಹೆಸರು ಹೇಳಬೇಕು. ಕಾರಣವನ್ನು ಅವರು ಕೇಳಿದರೆ ಮಾತ್ರ ಹೇಳಬೇಕು.


ತುಂಗಾತೀರ, ಶಿವಮೊಗ್ಗ
ಶನಿವಾರ ಬೆಳಿಗ್ಗೆ 7.35

ಎಲ್ಲವನ್ನೂ ಓದಿದೆ. ಸಂಜೆಮಲ್ಲಿಗೆ ಅವರ ಮಾತನ್ನು ಎರಡು ಬಾರಿ ಓದಿದೆ. ಒಂಬತ್ತು ಗಂಟೆಯ ಬಸ್ಸಿಗೆ ಹೊರಡುತ್ತಿದ್ದೇನೆ. ಬರುತ್ತೇನೆಂದು ಅವಳಿಗೆ ಫೋನ್ ಮಾಡಿ ಹೇಳಿದ್ದೇನೆ, ಯಾಕೆಂದು ಅವಳು ಕೇಳಲಿಲ್ಲ.

ಹೋಗುವ ಮೊದಲು ಒಂದು ಮಾತು, ಇದು ಮೇಷ್ಟ್ರ ಚಾಳಿ. ಏನೆಂದು ಹೇಳಬೇಕೆಂದು ರಾತ್ರಿ ವಾಕ್ಯ ಜೋಡಿಸುತ್ತಾ ಮಲಗಿದ್ದೆ. "ಬೇಜಾರು ಮಾಡಿಕೋಬೇಡ" ಎಂದು ಮೊದಲು ಬಾಯಿಗೆ ಬಂತು. ಆದರೆ ಅದು ಅವಳಿಗೆ ನಾನು ಒಪ್ಪಿಸುವ ಕೆಲಸ. "ನಿನಗೆ ನೋವಾಗಿದ್ದರೆ ಕ್ಷಮಿಸು" ಎನ್ನೋಣವೆಂದರೆ, ನೋವಾಗಿದೆಯೋ ಇಲ್ಲವೋ ಎಂಬ ಅನುಮಾನವನ್ನು ಆ "ಇದ್ದರೆ" ಒಳಗೆ ಬಚ್ಚಿಟ್ಟಂತಾಗುತ್ತದೆ. "ಹೊಟ್ಟೆಗೆ ಹಾಕಿಕೋ" ಎನ್ನುವುದಂತೂ ನಾನು ಬಹಳ ಇಷ್ಟಪಡುವ ಮಾತು, ಅಷ್ಟು ಆಪ್ತವಾದದ್ದು ಬೇರೆ ಇಲ್ಲ. ಆದರೆ ಎರಡು ವರ್ಷದಿಂದ ಅವಳು ಹೊಟ್ಟೆಗೆ ಹಾಕಿಕೊಳ್ಳುತ್ತಲೇ ಇದ್ದಾಳೆ, ಇನ್ನೂ ಎಷ್ಟು ಹಾಕಿಕೊಳ್ಳಬೇಕು? "ತಪ್ಪಾಯಿತು" ಎಂದರೆ ತಪ್ಪು ತಾನಾಗಿಯೇ ಆದಂತೆ ಕೇಳಿಸುತ್ತದೆ, ಮಳೆಯಾಯಿತು, ಸಂಜೆಯಾಯಿತು ಎಂಬಂತೆ. ತರಗತಿಯಲ್ಲಿ ಎಷ್ಟೋ ಸಲ ಈ ಕ್ರಿಯಾಪದಗಳ ಪಾಠ ಮಾಡಿದ್ದೇನೆ, ಆದರೆ ಕರ್ತೃವನ್ನು ಬಿಟ್ಟು ಮಾತಾಡುವುದು ನಮಗೆ ಎಷ್ಟು ಅನುಕೂಲ ಎಂದು ನಿನ್ನೆ ರಾತ್ರಿಯೇ ಹೊಳೆದದ್ದು. "ನಾನು ತಪ್ಪು ಮಾಡಿದೆ" ಎಂದೇ ಹೇಳುತ್ತೇನೆ.


ಕಡಲತಡಿ, ಮಂಗಳೂರು
ಶನಿವಾರ ಬೆಳಿಗ್ಗೆ 9.30

ತುಂಗಾತೀರ ಅವರು ಈಗ ಬಸ್ಸಿನಲ್ಲಿರಬಹುದು. ಓದಲಿಕ್ಕೆ ಸಿಕ್ಕಿದರೆ ಒಳ್ಳೆಯದು.

ಇಲ್ಲಿ ಎಲ್ಲರೂ ಅರಿಯದೆ ಆದದ್ದು ಎಂದು ಒಪ್ಪಿಕೊಂಡು ಮುಂದೆ ಹೋಗಿದ್ದೀರಿ. ನಾನು ಅಲ್ಲಿ ಸ್ವಲ್ಪ ನಿಲ್ಲುತ್ತೇನೆ. ಬನ್ನಿಮರ ಅವರಿಗೆ ಗೆಳೆಯನ ತಾಯಿಯ ಸ್ಥಿತಿ ಗೊತ್ತಿರಲಿಲ್ಲ, ಅದು ನಿಜವಾದ ಅರಿವಿಲ್ಲದಿಕೆ. ಕುಂಕುಮದ ಬಟ್ಟಲು ಹಿಡಿದ ಕೈಗೆ ಎಲ್ಲವೂ ಗೊತ್ತಿತ್ತು. ಅದು ಕಲಿತ ಪಾಠವನ್ನು ತಪ್ಪಿಲ್ಲದೆ ಒಪ್ಪಿಸಿತು. ನಮ್ಮ ಕುದ್ರೋಳಿ ಗೋಕರ್ಣನಾಥೇಶ್ವರ ದೇವಸ್ಥಾನದಲ್ಲಿ, ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠಾಪಿಸಿದ ಆ ಸನ್ನಿಧಿಯಲ್ಲಿ, 2013ರಲ್ಲಿ ಇಬ್ಬರು ವಿಧವೆಯರನ್ನು ಅರ್ಚಕಿಯರನ್ನಾಗಿ ನೇಮಿಸಿದಾಗ ನಾನು ಚಪ್ಪಾಳೆ ತಟ್ಟಿದವರ ಗುಂಪಿನಲ್ಲಿದ್ದೆ. ಅದೇ ವರ್ಷ ನನ್ನ ಮಗಳ ಮದುವೆಯ ಅರಿಶಿನ ಶಾಸ್ತ್ರಕ್ಕೆ ನನ್ನ ಸ್ವಂತ ದೊಡ್ಡಮ್ಮನನ್ನು ಮುಂದೆ ಕರೆಯಬೇಕೆಂದು ನನಗೆ ನೆನಪಾಗಲಿಲ್ಲ. ಮರೆತೆ ಎಂದು ಅವರಲ್ಲಿ ಹೇಳಿದೆ. ಅವರು ನನ್ನನ್ನೇ ನೋಡಿ, "ಮರೆತದ್ದಲ್ಲ ಮಗಾ, ಅಭ್ಯಾಸ" ಎಂದರು.

ಹಾಗಾಗಿ ಅಕ್ಕಾ, "ಬೇಕೆಂದು ಮಾಡಲಿಲ್ಲ" ಎಂಬ ಮಾತನ್ನು ಆದಷ್ಟು ಕಡಿಮೆ ಹೇಳಿ. ಕಾಲು ತಾಗಿದಾಗ ಬೇಕೆಂದು ತಾಗಿಸಲಿಲ್ಲ ಎಂದು ನಾವು ಹೇಳುತ್ತೇವೆಯೇ? ಸುಮ್ಮನೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ.


ಹಳೆಬೇರು, ಮೈಸೂರು
ಶನಿವಾರ ಮಧ್ಯಾಹ್ನ 12.20

ನಿನ್ನೆಯ ನನ್ನ ಮಾತಿಗೆ ಬಂದ ಉತ್ತರಗಳನ್ನು ಓದಿದೆ. ಸಂಜೆಮಲ್ಲಿಗೆ ಅವರೇ, ನೀವು ಬರೆದದ್ದು ನನಗೆ ನಾಟಿದೆ. ಹೆಂಗಸರ ಆ ಸಾಲನ್ನು ನಾನು ಜೀವನವಿಡೀ ಜಗಲಿಯಿಂದ ನೋಡಿದವನು. ಬಟ್ಟಲು ಎರಡನೆಯವರ ಹತ್ತಿರ ಇರುವಾಗಲೇ ಐದನೆಯವಳಿಗೆ ಏನಾಗುತ್ತದೆ ಎಂದು ನನಗೆ ಗೊತ್ತಾಗುವ ಸಂದರ್ಭವೇ ಇರಲಿಲ್ಲ. ನನ್ನ ಮಾತಿನಿಂದ ನಿಮಗೆ ನೋವಾಗಿದೆ ಎಂದು ನಿಮ್ಮ ಬರಹದಿಂದ ತಿಳಿಯಿತು. ಗಾಯ ಮಾಯುತ್ತಿದೆ ಎಂದು ನಾನು ಹೇಳಬಾರದಿತ್ತು, ಅದು ನನಗೆ ತಿಳಿಯದ ವಿಷಯ. ಕ್ಷಮೆ ಕೇಳುತ್ತೇನೆ.

ಒಂದನ್ನು ಮಾತ್ರ ಇನ್ನೂ ಬಿಡಲಾರೆ. ಬೇಗ ಎಂಬುದಕ್ಕೂ ಅವಸರ ಎಂಬುದಕ್ಕೂ ಅಂತರವಿದೆ. ನಮ್ಮ ಮನಸ್ಸು ಹಗುರವಾಗಲೆಂದು ಓಡಿಹೋಗಿ ಹೇಳಿ, ಅವರಿಂದ "ಆಯಿತು ಬಿಡಿ" ಎಂಬ ಮಾತನ್ನು ವಸೂಲು ಮಾಡಿಕೊಂಡು ಬರುವವರನ್ನು ನೋಡಿದ್ದೇನೆ. ಹೇಳುವುದು ಬೇಗ ಆಗಲಿ, ಉತ್ತರಕ್ಕೆ ಮಾತ್ರ ಎಷ್ಟು ದಿನ ಬೇಕಾದರೂ ಕಾಯಬೇಕು.


ಸಂಜೆಮಲ್ಲಿಗೆ, ಹಾಸನ
ಶನಿವಾರ ಮಧ್ಯಾಹ್ನ 1.05

ನಮಸ್ಕಾರ. ನೀವು ಹೀಗೆ ಬರೆದದ್ದು ನನಗೆ ಬಹಳ ದೊಡ್ಡದು. ನಿಮ್ಮ ಎರಡನೆಯ ಮಾತನ್ನು ಪೂರ್ತಿಯಾಗಿ ಒಪ್ಪುತ್ತೇನೆ.


ತುಂಗಾತೀರ, ಶಿವಮೊಗ್ಗ
ಶನಿವಾರ ರಾತ್ರಿ 9.15

ಈಗ ಮನೆಗೆ ಬಂದೆ. ನಿಮ್ಮೆಲ್ಲರಿಗೂ ತಿಳಿಸಬೇಕಾದ್ದು ನನ್ನ ಕರ್ತವ್ಯ.

ಹೊನ್ನಾಳಿ ದಾಟಿದ ಮೇಲೆ ಕಡಲತಡಿ ಅವರು ಬರೆದದ್ದನ್ನು ಓದಿದೆ. ಅಲ್ಲಿಂದ ಮುಂದೆ ರಾತ್ರಿ ಜೋಡಿಸಿದ ವಾಕ್ಯಗಳೆಲ್ಲ ಬೇಡವೆನ್ನಿಸಿದವು. ಓರಗಿತ್ತಿ ಅಡುಗೆಮನೆಯ ಬಾಗಿಲಲ್ಲಿ ಮೊರ ಇಟ್ಟುಕೊಂಡು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ನಾನು ಎದುರಿಗೆ ನೆಲದ ಮೇಲೆ ಕುಳಿತೆ. "ನಿನ್ನೆ ನೀನು ಕೈ ಚಾಚಿದ್ದೆ, ನಾನು ನಿನಗೆ ಕುಂಕುಮ ಕೊಡದೆ ಮುಂದೆ ಹೋದೆ. ಒಂಬತ್ತು ಜನರ ಮುಂದೆ ಹಾಗೆ ಮಾಡಿದೆ. ನಾನು ತಪ್ಪು ಮಾಡಿದೆ" ಎಂದೆ. ಅಷ್ಟೇ ಹೇಳಲು ಆಗಿದ್ದು. ಅಳಲಿಲ್ಲ, ಅದೊಂದನ್ನು ಹಲ್ಲು ಕಚ್ಚಿ ಪಾಲಿಸಿದೆ.

ಅವಳು ಬಹಳ ಹೊತ್ತು ಸೊಪ್ಪು ಬಿಡಿಸುತ್ತಲೇ ಇದ್ದಳು. ಬೇರಿನ ಮಣ್ಣನ್ನು ಹೆಬ್ಬೆರಳಿನಿಂದ ಉಜ್ಜಿ ಉಜ್ಜಿ ತೆಗೆಯುತ್ತಿದ್ದಳು. ಆಮೇಲೆ, "ನೀವು ಕೊಡಲಿಲ್ಲ ಅಂತ ಅಲ್ಲ ಅಕ್ಕ. ನಾನು ಕೈ ಚಾಚಿಬಿಟ್ಟೆನಲ್ಲ, ಅದು ನಾಚಿಕೆ. ಬಸ್ಸಿನಲ್ಲಿ ಬರುವಾಗ ಪೂರ್ತಿ ಆ ಕೈಯನ್ನ ಸೆರಗಿನೊಳಗೆ ಇಟ್ಟುಕೊಂಡು ಬಂದೆ" ಎಂದಳು. ಯಾವುದಕ್ಕೆ ಕ್ಷಮೆ ಕೇಳಬೇಕಿತ್ತೋ ಅದು ನನಗೆ ಅಲ್ಲಿಯವರೆಗೆ ತಿಳಿದೇ ಇರಲಿಲ್ಲ. ಬೇಗ ಹೋಗದಿದ್ದರೆ ಅವಳು ಇದನ್ನು ಹೇಳುತ್ತಲೂ ಇರಲಿಲ್ಲ. ಇನ್ನೊಂದು ವಾರ ಕಳೆದಿದ್ದರೆ "ಅದೇನು ಮಹಾ ಬಿಡಿ ಅಕ್ಕ" ಎಂದು ಕಾಫಿ ಇಟ್ಟುಬಿಡುತ್ತಿದ್ದಳು, ನಾನೂ ಸಮಾಧಾನದಿಂದ ಕುಡಿದು ಬರುತ್ತಿದ್ದೆ.

ಕ್ಷಮಿಸಿದ್ದೇನೆ ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹಳೆಬೇರು ಅವರ ಮಾತು ನೆನಪಿತ್ತು. ಗೌರಿ ಹಬ್ಬಕ್ಕೆ ಕರೆಯಲೇ ಎಂದಾಗ, ನೋಡೋಣ ಎಂದಳು. ಇನ್ನು ಮೇಲೆ ಕುಂಕುಮ ಕೊಡುವ ಮೊದಲು ನಿನ್ನನ್ನು ಕೇಳುತ್ತೇನೆ ಎಂದೆ. ಅದಕ್ಕೆ ಅವಳು ತಲೆಯೆತ್ತಿ, "ಕೇಳಬೇಡಿ ಅಕ್ಕ. ಬೇರೆಯವರನ್ನ ಕೇಳ್ತೀರಾ? ಎಲ್ಲರಿಗೂ ಕೊಟ್ಟ ಹಾಗೆ ಕೊಡಿ. ಬೇಡ ಅನ್ನಿಸಿದ ದಿನ ನಾನೇ ಹೇಳ್ತೀನಿ" ಎಂದಳು. ಸಂಜೆಮಲ್ಲಿಗೆ ಅವರು ಹೇಳಿದ್ದೂ ಸರಿ, ಇವಳು ಹೇಳಿದ್ದೂ ಸರಿ. ಇದನ್ನು ಅವರವರ ಬಾಯಿಂದಲೇ ಕೇಳಬೇಕು.

ಸಾಲಿನಲ್ಲಿ ಕುಳಿತಿದ್ದ ಉಳಿದ ಎಂಟು ಮಂದಿಯಲ್ಲಿ ಮೂವರಿಗೆ ಬಸ್ ನಿಲ್ದಾಣದಿಂದಲೇ ಫೋನ್ ಮಾಡಿ, ನಿನ್ನೆ ನಾನು ಮಾಡಿದ್ದು ತಪ್ಪು, ಇವತ್ತು ಹೋಗಿ ಹೇಳಿ ಬಂದೆ ಎಂದು ತಿಳಿಸಿದೆ. ಮಾಡಿದ್ದು ಅವರೆದುರಿಗೆ, ಆದ್ದರಿಂದ ಅವರಿಗೂ ಗೊತ್ತಿರಲಿ. ಉಳಿದವರಿಗೆ ನಾಳೆ ಹೇಳುತ್ತೇನೆ. ಮಗಳು ತಾನೂ ಚಿಕ್ಕಮ್ಮನಿಗೆ ಫೋನ್ ಮಾಡುತ್ತೇನೆಂದು ಒಳಗೆ ಹೋಗಿದ್ದಾಳೆ.

ಇನ್ನೊಂದು ವಿಷಯವಿದೆ. ನಾನು ಹೊರಡಲು ಚಪ್ಪಲಿ ಹಾಕಿಕೊಳ್ಳುತ್ತಿರುವಾಗ ಓರಗಿತ್ತಿ ಹೇಳಿದಳು. "ಅತ್ತೆ ಆ ಹೊತ್ತಿಗೆ ಎದ್ದು ಒಳಗೆ ಹೋಗಿಬಿಡ್ತಾರೆ, ಗಮನಿಸಿದೀರಾ ಅಕ್ಕ? ನಾನೂ ಎದ್ದು ಹೋಗಬೇಕಿತ್ತೇನೋ ಅಂದುಕೊಂಡೆ." ಅತ್ತೆಯವರು ನಮ್ಮ ಜೊತೆಯಲ್ಲೇ ಇದ್ದಾರೆ, ಈಗ 84 ವರ್ಷ. ಮಾವನವರು ಹೋಗಿ 19 ವರ್ಷವಾಯಿತು. ಪ್ರತಿ ವರ್ಷ ಮಂಗಳಾರತಿಯಾದ ಕೂಡಲೇ ಅವರು ಅಡುಗೆಮನೆಗೆ ಹೋಗಿ ಪಾಯಸ ಕೈಯಾಡಿಸುತ್ತಾ ನಿಲ್ಲುತ್ತಾರೆ. ಪಾಯಸ ತಳ ಹಿಡಿಯದಂತೆ ಅತ್ತೆ ನೋಡಿಕೊಳ್ಳುತ್ತಾರೆ, ನನಗೆ ಚಿಂತೆಯಿಲ್ಲ ಎಂದು 19 ವರ್ಷವೂ ನೆಮ್ಮದಿಯಿಂದ ಇದ್ದೆ. ಬಸ್ಸಿನಲ್ಲಿ ಬರುವಾಗ ಬೇರೆ ಯಾವ ಯೋಚನೆಯೂ ಬರಲಿಲ್ಲ.

ಅವರು ಈಗ ಮಲಗಿದ್ದಾರೆ. ಎಬ್ಬಿಸುವ ಮನಸ್ಸಾಯಿತು, ಎಬ್ಬಿಸಲಿಲ್ಲ. ಬೆಳಿಗ್ಗೆ ಐದೂವರೆಗೆ ಅವರಿಗೆ ಕಾಫಿ ಕೊಡುವವಳು ನಾನೇ. ಆಗ ಹೇಳಬೇಕೆಂದಿದ್ದೇನೆ.


ಸಂಜೆಮಲ್ಲಿಗೆ, ಹಾಸನ
ಶನಿವಾರ ರಾತ್ರಿ 9.50

ಲೋಟ ಕೈಗೆ ಕೊಡುವ ಮೊದಲೇ ಹೇಳಿ ಅಕ್ಕ. ಕೊಟ್ಟ ಮೇಲೆ ಹೇಳಿದರೆ, ಕಾಫಿಗೆ ಸಕ್ಕರೆ ಸ್ವಲ್ಪ ಹೆಚ್ಚಾಯಿತು ಎಂದು ಮಾತು ಬೇರೆ ಕಡೆಗೆ ತಿರುಗಿಸಿಬಿಡುತ್ತಾರೆ. ನಮ್ಮ ಅತ್ತೆಯೂ ಹಾಗೆಯೇ ಮಾಡುತ್ತಿದ್ದರು.